ಕಾಡಿನ ಗೇಟಿನಿಂದ ಹಿಂದಕ್ಕೆ ಲೆಕ್ಕ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ಕಾರಿನಲ್ಲಿ ರಾಷ್ಟ್ರೀಯ ಉದ್ಯಾನಗಳಿಗೆ

2025ರ ನವೆಂಬರ್ ಆರಂಭದಲ್ಲಿ ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಂತಿತು. ಕಾಡಂಚಿನ ಹಳ್ಳಿಗಳಲ್ಲಿ ಮೇಲಿಂದ ಮೇಲೆ ಹುಲಿ ದಾಳಿಯಾಗಿ ರೈತರು ಸತ್ತಿದ್ದರು. ಹುಲಿ ಹಿಡಿಯುವ ಕೆಲಸಕ್ಕೆ ಸಫಾರಿಯ ಸಿಬ್ಬಂದಿಯನ್ನೂ ಬಳಸಿಕೊಳ್ಳಿ, ಮುಂದಿನ ಆದೇಶದವರೆಗೆ ಸಫಾರಿ ಬೇಡ, ಚಾರಣವೂ ಬೇಡ ಎಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚನೆ ಕೊಟ್ಟರು. ರೂಮು ಕಾದಿರಿಸಿ, ಮಕ್ಕಳಿಗೆ ಹುಲಿ ತೋರಿಸುತ್ತೇವೆಂದು ಮಾತು ಕೊಟ್ಟಿದ್ದವರಿಗೆ ಅಂದೇ ತಿಳಿದದ್ದು, ಕಾಡಿನ ಪ್ರವಾಸ ಬೇರೆ ಪ್ರವಾಸಗಳಂತಲ್ಲ ಎಂಬುದು.

ಅದೇ ವರ್ಷ ಆಗಸ್ಟ್‌ನಲ್ಲಿ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿತ್ತು. ಅದಕ್ಕೂ ಮುಂಚೆ ಬೆಂಗಳೂರನ್ನು ಹೊರಗಿನಿಂದ ಸುತ್ತುವ ಹೆದ್ದಾರಿಯ (ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ) ಉತ್ತರ ಭಾಗ ತೆರೆದಿತ್ತು. ಅಂದರೆ ನಮ್ಮ ಮೂರು ಜಿಲ್ಲೆಗಳಿಂದ ಹೊರಡುವವರಿಗೆ ರಸ್ತೆ ಸಲೀಸಾಗಿದೆ, ಕಾಡಿನ ನಿಯಮಗಳು ಬಿಗಿಯಾಗಿವೆ. ಮೈಸೂರು ಅರಮನೆಗೆ ಒಂದು ಗಂಟೆ ತಡವಾಗಿ ಹೋದರೂ ನಡೆಯುತ್ತದೆ. ಬಂಡೀಪುರದ ಸಫಾರಿ ಬಸ್ ಹತ್ತು ನಿಮಿಷವೂ ಕಾಯುವುದಿಲ್ಲ. ಆದ್ದರಿಂದ ಲೆಕ್ಕ ಶುರುವಾಗಬೇಕಾದ್ದು ಮನೆಯ ಬಾಗಿಲಿನಿಂದಲ್ಲ, ಕಾಡಿನ ಗೇಟಿನಿಂದ. ಈ ಬರಹದ ತಿರುಳು ಅಷ್ಟೇ, ಮಿಕ್ಕದ್ದೆಲ್ಲ ಅದರ ವಿವರ.

## ಕಾಡಿಗೆ ಎಷ್ಟು ಬಗೆಯ ಬೇಲಿ

ಕರ್ನಾಟಕದಲ್ಲಿರುವ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಇವುಗಳಲ್ಲಿ ಒಂದೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿಲ್ಲ. ಹಾಗಂತ ನಮ್ಮಲ್ಲಿ ಸಂರಕ್ಷಿತ ಕಾಡೇ ಇಲ್ಲವೆಂದಲ್ಲ, ಆ ಮಾತು ಕೊನೆಗೆ ಬರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡಿಗೆ ಬೇರೆ ಬೇರೆ ಮಟ್ಟದ ರಕ್ಷಣೆ ಕೊಡುತ್ತದೆ. ಎಲ್ಲಕ್ಕಿಂತ ಬಿಗಿಯಾದದ್ದು ರಾಷ್ಟ್ರೀಯ ಉದ್ಯಾನ. ಅಲ್ಲಿ ದನ ಮೇಯಿಸುವುದಕ್ಕೂ ಅವಕಾಶವಿಲ್ಲ. ವನ್ಯಜೀವಿ ಧಾಮ, ಅಂದರೆ ಅಭಯಾರಣ್ಯದಲ್ಲಿ, ಸ್ಥಳೀಯರ ಕೆಲವು ಹಕ್ಕುಗಳು ಉಳಿಯಬಹುದು. ಊರಿನವರನ್ನು ಜೊತೆಗಿಟ್ಟುಕೊಂಡು ಕಾಯುವ ಚಿಕ್ಕ ಜಾಗಗಳಿಗೆ ಸಂರಕ್ಷಣಾ ಮೀಸಲು ಎಂಬ ಇನ್ನೊಂದು ಬಗೆಯಿದೆ. ಹುಲಿ ಸಂರಕ್ಷಿತ ಪ್ರದೇಶ ಎಂಬುದು ಇವುಗಳ ಮೇಲೆ ಹೊದಿಸಿದ ಮತ್ತೊಂದು ರಕ್ಷಣೆ. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ ಈ ಐದಕ್ಕೆ ಅದು ಸಿಕ್ಕಿದೆ. ಭದ್ರಾ ಹುಲಿ ಪ್ರದೇಶ ಹೌದು, ರಾಷ್ಟ್ರೀಯ ಉದ್ಯಾನ ಅಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಹೌದು, ಹುಲಿ ಸಂರಕ್ಷಿತ ಪ್ರದೇಶಗಳ ಪಟ್ಟಿಯಲ್ಲಿಲ್ಲ.

ಹುಲಿ ಪ್ರದೇಶದೊಳಗೆ ಕೋರ್, ಬಫರ್ ಎಂಬ ಎರಡು ಭಾಗಗಳಿವೆ. ನಮ್ಮ ಬಯಲುಸೀಮೆಯ ಕೆರೆಯನ್ನು ನೆನೆಸಿಕೊಳ್ಳಿ. ಕೆರೆಯ ಅಂಗಳದಲ್ಲಿ ಯಾರೂ ಮನೆ ಕಟ್ಟುವಂತಿಲ್ಲ, ಅದು ನೀರಿನದೇ ಜಾಗ. ಅಂಚಿನಲ್ಲಿ ದನ ಮೇಯುತ್ತವೆ, ಮಡಿವಾಳರು ಬಟ್ಟೆ ಒಗೆಯುತ್ತಾರೆ, ಏರಿಯ ಮೇಲೆ ಜನ ಓಡಾಡುತ್ತಾರೆ. ಕೋರ್ ಎಂಬುದು ಅಂಗಳ, ಬಫರ್ ಎಂಬುದು ಆ ಅಂಚು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯಂತೆ ಕೋರ್ ಪ್ರದೇಶದ ಶೇ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸುವಂತಿಲ್ಲ. ಸಫಾರಿ ವಲಯ ಎಂದು ಕರೆಯುವುದು ಈ ಭಾಗವನ್ನೇ. ಅಲ್ಲಿಗೂ ನಿಮ್ಮ ಕಾರು ಹೋಗುವುದಿಲ್ಲ. ಅರಣ್ಯ ಇಲಾಖೆಯ ಬಸ್ಸು, ಜೀಪು ಅಥವಾ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಾಹನವೇ ಆಗಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಬಂಡೀಪುರದ ನಡುವೆ ಹಾದುಹೋಗುವ ಊಟಿ ರಸ್ತೆಯಲ್ಲಿ ಸ್ವಂತ ಕಾರಿನಲ್ಲಿ ಹೋಗಬಹುದು, ಆದರೆ ಅದು ಸಫಾರಿ ಅಲ್ಲ. ಅದು ಸಾರ್ವಜನಿಕ ಹೆದ್ದಾರಿ, ಹಾದುಹೋಗುವುದಕ್ಕೆ ಮಾತ್ರ. ನಿಲ್ಲಿಸುವುದು, ಇಳಿಯುವುದು, ಪಕ್ಕದ ಮಣ್ಣುದಾರಿಗೆ ತಿರುಗಿಸುವುದು ಎಲ್ಲವೂ ತಪ್ಪು.

## ಲೆಕ್ಕ ಹೀಗೆ ಹಾಕಿ

ಸಫಾರಿ ನಡೆಯುತ್ತಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ನಡೆಯುವ ಕಾಲದಲ್ಲಿ ಅದು ದಿನಕ್ಕೆ ಎರಡು ಹೊತ್ತು. ಬೆಳಗಿನದು ಆರು, ಆರೂವರೆಯ ಸುಮಾರಿಗೆ ಶುರು. ಸಂಜೆಯದು ಮಧ್ಯಾಹ್ನ ಎರಡೂವರೆ, ಮೂರರ ನಂತರ. ಋತುವಿಗೆ ತಕ್ಕಂತೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಈ ಎರಡು ಹೊತ್ತೇ ಯಾಕೆಂದರೆ, ಬಿಸಿಲೇರಿದ ಮೇಲೆ ಪ್ರಾಣಿಗಳು ನೆರಳು ಹುಡುಕಿ ಪೊದೆ ಸೇರುತ್ತವೆ. ಮೇಯುವುದು, ನೀರಿಗೆ ಬರುವುದು, ಬೇಟೆಯಾಡುವುದು ಹೆಚ್ಚಾಗಿ ತಂಪು ಹೊತ್ತಿನಲ್ಲಿ. ನಡು ಮಧ್ಯಾಹ್ನ ಕಾಡು ಸುತ್ತಿದರೆ ಕಾಣುವುದು ಮರಗಳು ಮಾತ್ರ.

ತುಮಕೂರಿನ ಒಂದು ಕುಟುಂಬ ಬಂಡೀಪುರದ ಸಂಜೆ ಸಫಾರಿ ಹಿಡಿಯಬೇಕೆನ್ನಿ. ಸಫಾರಿ ಮೂರಕ್ಕೆ. ಕೌಂಟರ್‌ನಲ್ಲಿ ಗುರುತಿನ ಚೀಟಿ ತೋರಿಸಿ ಬಸ್ ಹತ್ತಲು ಎರಡು ಗಂಟೆಗೆ ಅಲ್ಲಿರಬೇಕು. ಊಟ ಗುಂಡ್ಲುಪೇಟೆಯಲ್ಲಿ, ಹನ್ನೆರಡೂವರೆಗೆ. ಮೈಸೂರಿನಿಂದ ಗುಂಡ್ಲುಪೇಟೆಗೆ 60 ಕಿ.ಮೀ., ನಂಜನಗೂಡಿನ ವಾಹನದಟ್ಟಣೆ ಸೇರಿಸಿ ಒಂದೂಕಾಲು ಗಂಟೆ. ಅಂದರೆ ಮೈಸೂರಿನ ರಿಂಗ್ ರಸ್ತೆಯನ್ನು ಹನ್ನೊಂದೂಕಾಲರೊಳಗೆ ದಾಟಿರಬೇಕು. ಕುಣಿಗಲ್, ನಾಗಮಂಗಲ, ಶ್ರೀರಂಗಪಟ್ಟಣದ ಮೇಲೆ ತುಮಕೂರಿನಿಂದ ಮೈಸೂರಿಗೆ ಸುಮಾರು 150 ಕಿ.ಮೀ. ದಾರಿಯಲ್ಲಿ ತಿಂಡಿಗೆ ಅರ್ಧ ಗಂಟೆ, ಮಕ್ಕಳಿಗಾಗಿ ಒಂದೆರಡು ಕಡೆ ನಿಲ್ಲಿಸುವುದು ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಏಳಕ್ಕೆ ಹೊರಟರೆ ಸರಿಹೋಗುತ್ತದೆ, ಆರೂವರೆಗೆ ಹೊರಟರೆ ನೆಮ್ಮದಿ. ಎಂಟೂವರೆಗೆ ಹೊರಟವರು ದಾರಿಯುದ್ದಕ್ಕೂ ಗಡಿಯಾರ ನೋಡುತ್ತಾರೆ, ಗಾಡಿ ಓಡಿಸುವವರ ಮೇಲೆ ರೇಗುತ್ತಾರೆ, ಊಟ ಬಿಡುತ್ತಾರೆ.

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇದೇ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿಂದ ಬಂಡೀಪುರಕ್ಕೆ ಇನ್ನೂ ಐವತ್ತು ಅರವತ್ತು ಕಿ.ಮೀ. ಹೆಚ್ಚು, ನಡುವೆ ಬೆಂಗಳೂರಿನ ಅಂಚು ಬೇರೆ. ಹಿಂದಿನ ದಿನ ಮಧ್ಯಾಹ್ನ ಹೊರಟು, ರಾತ್ರಿ ಗುಂಡ್ಲುಪೇಟೆಯಲ್ಲಿ ತಂಗಿ, ಬೆಳಗಿನ ಸಫಾರಿ ಹಿಡಿಯುವುದೇ ಅವರಿಗೆ ಒಳ್ಳೆಯದು. ಸಫಾರಿ ಮುಗಿಸಿ ತಿಂಡಿ ತಿಂದರೂ ಇಡೀ ಹಗಲು ಕೈಯಲ್ಲಿರುತ್ತದೆ. ವಯಸ್ಸಾದವರು ಜೊತೆಗಿದ್ದರೆ ತುಮಕೂರಿನವರಿಗೂ ನಾನು ಹೇಳುವುದು ಇದನ್ನೇ.

ಮೊಬೈಲ್ ನಕ್ಷೆ ತೋರಿಸುವ ಸಮಯವನ್ನು ಇದ್ದ ಹಾಗೆ ನಂಬಬೇಡಿ. ಅದಕ್ಕೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಗೊತ್ತಿಲ್ಲ, ಅಜ್ಜಿಯ ಮಂಡಿನೋವೂ ಗೊತ್ತಿಲ್ಲ. ಬಯಲಿನಲ್ಲಿ ಅದು ಹೇಳಿದ್ದಕ್ಕೆ ಕಾಲು ಭಾಗ, ಘಾಟಿ ಇದ್ದರೆ ಅರ್ಧ ಭಾಗ ಸೇರಿಸಿ.

## ರಾತ್ರಿ ರಸ್ತೆ ಯಾಕೆ ಮುಚ್ಚುತ್ತದೆ

ಬಂಡೀಪುರದ ಮೂಲಕ ಎರಡು ಹೆದ್ದಾರಿಗಳು ಹೋಗುತ್ತವೆ. ಒಂದು ಸುಲ್ತಾನ್ ಬತ್ತೇರಿ ಕಡೆಗೆ, ವಯನಾಡಿಗೆ. ಇನ್ನೊಂದು ಮುದುಮಲೈ ಮೇಲೆ ಊಟಿಗೆ. 2009ರಿಂದ ಈ ಎರಡರಲ್ಲೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಗೊತ್ತುಮಾಡಿದ ಕೆಲವೇ ಬಸ್ಸುಗಳಿಗೆ ಮಾತ್ರ ಬಿಡುವಿದೆ. ಎಚ್.ಡಿ. ಕೋಟೆ, ಬಾವಲಿ ಮೇಲೆ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆಯೊಳಗೆ ಸಾಗುವುದರಿಂದ ಇನ್ನೂ ಬೇಗ, ಸಂಜೆ 6ಕ್ಕೇ ಮುಚ್ಚುತ್ತದೆ.

ಕಾರಣ ಸರಳ. ಜಿಂಕೆ, ಕಡವೆ, ಚಿರತೆ, ಆನೆ ಎಲ್ಲವೂ ಕತ್ತಲಲ್ಲಿ ಹೆಚ್ಚು ಓಡಾಡುತ್ತವೆ. ಹೆಡ್‌ಲೈಟಿನ ಬೆಳಕು ಕಣ್ಣಿಗೆ ಹೊಡೆದಾಗ ಪ್ರಾಣಿ ದಿಕ್ಕು ತೋಚದೆ ರಸ್ತೆಯ ನಡುವೆಯೇ ನಿಂತುಬಿಡುತ್ತದೆ. ಎಂಬತ್ತರ ವೇಗದಲ್ಲಿ ಬರುವ ಲಾರಿಗೆ ಅಷ್ಟರಲ್ಲಿ ನಿಲ್ಲಲಾಗುವುದಿಲ್ಲ. ನಿಷೇಧಕ್ಕೆ ಮೊದಲು ಈ ರಸ್ತೆಗಳಲ್ಲಿ ರಾತ್ರಿ ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. ರಸ್ತೆಯುದ್ದಕ್ಕೂ ಇರುವ ಹಂಪ್‌ಗಳೂ ಅದಕ್ಕಾಗಿಯೇ.

ನಿಮ್ಮ ಲೆಕ್ಕಕ್ಕೆ ಇದರಿಂದ ಬರುವ ಪಾಠವೇನು? ಸಂಜೆ ಸಫಾರಿ ಮುಗಿಸಿ ಊಟಿಗೆ ಹೋಗಿಬಿಡೋಣ ಎಂಬ ಯೋಜನೆ ಬೇಡ. ಗೇಟು ಒಂಬತ್ತರವರೆಗೆ ತೆರೆದಿದ್ದರೂ ಕತ್ತಲಲ್ಲಿ ಕಾಡು ದಾಟಿ, ಮೇಲೆ ಘಾಟಿ ಹತ್ತಬೇಕು. ಕಾಡಿನ ಈಚೆಗೇ ತಂಗಿ, ಬೆಳಗ್ಗೆ ಹೊರಡಿ. ಇನ್ನು ವಯನಾಡಿನ ಕಡೆಯಿಂದ ಬರುವಾಗ ತಡವಾಯಿತೆಂದರೆ ಗೇಟಿನ ಮುಂದೆ ವಾದ ಮಾಡಿ ಫಲವಿಲ್ಲ. ಕುಟ್ಟ, ಗೋಣಿಕೊಪ್ಪಲು, ಹುಣಸೂರಿನ ಮೇಲೆ ಸುತ್ತಿಬರುವ ದಾರಿಯಿದೆ.

ಕುದುರೆಮುಖದಲ್ಲಿ ಇನ್ನೊಂದು ಬಗೆಯ ಕಟ್ಟುಪಾಡು. ಚೆಕ್‌ಪೋಸ್ಟ್‌ನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಗೊತ್ತುಮಾಡಿದ ಅವಧಿಯೊಳಗೆ ಆಚೆ ಚೆಕ್‌ಪೋಸ್ಟ್ ದಾಟಬೇಕು. ದಾರಿಯಲ್ಲಿ ಕೂತು ಬುತ್ತಿ ಬಿಚ್ಚುವವರನ್ನು, ಹೊಳೆಗೆ ಇಳಿಯುವವರನ್ನು ತಡೆಯಲು ಈ ವ್ಯವಸ್ಥೆ.

## ಬೆಂಗಳೂರಿನೊಳಗೆ ಹೋಗದೆ

ನಮ್ಮ ಭಾಗದವರ ಪ್ರವಾಸ ಹಾಳಾಗುವುದು ಕಾಡಿನಲ್ಲಿ ಅಲ್ಲ, ಗೊರಗುಂಟೆಪಾಳ್ಯದಲ್ಲಿ, ಕೆ.ಆರ್. ಪುರದಲ್ಲಿ, ಹೆಬ್ಬಾಳದಲ್ಲಿ. ನಗರ ತಪ್ಪಿಸುವ ದಾರಿಗಳನ್ನು ತಿಳಿದುಕೊಂಡರೆ ಅರ್ಧ ದಿನ ಉಳಿಯುತ್ತದೆ.

ತುಮಕೂರಿನವರು ಪುಣ್ಯವಂತರು, ದಕ್ಷಿಣಕ್ಕೆ ಹೋಗಲು ಬೆಂಗಳೂರನ್ನು ಮುಟ್ಟಲೇ ಬೇಕಿಲ್ಲ. ಕುಣಿಗಲ್‌ನಿಂದ ಎರಡು ದಾರಿ. ನಾಗಮಂಗಲದ ಮೇಲೆ ಮೈಸೂರಿಗೆ ಒಂದು. ಇನ್ನೊಂದು ಪಾವಗಡದಿಂದ ಮಳವಳ್ಳಿಯವರೆಗೆ ಹೋಗುವ ರಾಜ್ಯ ಹೆದ್ದಾರಿ: ಹುಲಿಯೂರುದುರ್ಗ, ಮದ್ದೂರು, ಮಳವಳ್ಳಿ, ಅಲ್ಲಿಂದ ಕೊಳ್ಳೇಗಾಲ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರಿಗೆ ಮೈಸೂರನ್ನೂ ತಪ್ಪಿಸುವ ಈ ದಾರಿ ಚೆನ್ನ.

ಚಿಕ್ಕಬಳ್ಳಾಪುರದವರು ಮೈಸೂರು ಕಡೆಗೆ ಹೊರಟರೆ ದೇವನಹಳ್ಳಿಯಲ್ಲಿ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಹಿಡಿದು ದೊಡ್ಡಬಳ್ಳಾಪುರ, ದಾಬಸ್‌ಪೇಟೆ ತಲುಪಿ, ಸೋಲೂರಿನ ಮೇಲೆ ಕುಣಿಗಲ್ ಸೇರಬಹುದು. ಕಿ.ಮೀ. ಹೆಚ್ಚಾಗುತ್ತದೆ, ಆದರೆ ಹೊತ್ತು ಇಷ್ಟೇ ಎಂದು ನೆಚ್ಚಿಕೊಳ್ಳಬಹುದು. ಸಫಾರಿ ಹಿಡಿಯುವವರಿಗೆ ಬೇಕಾದದ್ದು ಆ ಭರವಸೆಯೇ.

ಕೋಲಾರದವರು ಹೊಸಕೋಟೆಯಲ್ಲಿ ಅದೇ ರಿಂಗ್ ರಸ್ತೆ ಹತ್ತಿ ಉತ್ತರದಿಂದ ಸುತ್ತಬಹುದು. ಇಲ್ಲವೇ ಮಾಲೂರು, ಅತ್ತಿಬೆಲೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿ ತಲುಪಿ, ನೈಸ್ ರಸ್ತೆಯಲ್ಲಿ ಕನಕಪುರ ರಸ್ತೆಗೋ ಮೈಸೂರು ರಸ್ತೆಗೋ ಇಳಿಯಬಹುದು. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಗುಂಡ್ಲುಪೇಟೆ ಸೇರುವ ದಾರಿ ಇದೆ.

ಮಲೆನಾಡಿಗೆ ಹೋಗುವವರಿಗೆ ಮೂರೂ ಜಿಲ್ಲೆಗಳನ್ನು ಜೋಡಿಸುವ ಒಂದು ಹಳೆಯ ಅಡ್ಡದಾರಿ ಇದೆ. ಮುಳಬಾಗಿಲು, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ, ಬುಕ್ಕಾಪಟ್ಟಣ, ಹುಳಿಯಾರು, ಬಾಣಾವರ. ಅಲ್ಲಿಂದ ಕಡೂರಿಗೆ ಹೋದರೆ ಭದ್ರಾ, ಬೇಲೂರಿಗೆ ಹೋದರೆ ಚಾರ್ಮಾಡಿ. ಈ ದಾರಿಯಲ್ಲಿ ಬೆಂಗಳೂರು ಸಿಗುವುದೇ ಇಲ್ಲ. ತುಮಕೂರಿನವರು ಗುಬ್ಬಿ, ತಿಪಟೂರು, ಅರಸೀಕೆರೆಯ ಮೇಲೆ ಕಡೂರಿಗೆ ನೇರ ಹೋಗುತ್ತಾರೆ. ತೆಂಗಿನ ತೋಟಗಳ ನಡುವಿನ ಈ ರಸ್ತೆಯಲ್ಲಿ ಬೆಳಗಿನ ಪಯಣ ನನಗೆ ಬಲು ಇಷ್ಟ.

ಬೈಕಿನವರಿಗೆ ಒಂದು ಮಾತು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

## ಯಾವ ಕಾಡು, ಯಾವ ತಿಂಗಳು

ಎಲ್ಲ ಕಾಡಿನಲ್ಲೂ ಪ್ರಾಣಿ ಒಂದೇ ರೀತಿ ಕಾಣುವುದಿಲ್ಲ. ಕಾರಣ ಮರಗಳಲ್ಲಿದೆ. ಬಂಡೀಪುರದ್ದು ಬಹುಪಾಲು ಒಣ ಎಲೆ ಉದುರುವ ಕಾಡು. ಚಳಿಗಾಲ ಮುಗಿಯುತ್ತಿದ್ದಂತೆ ಎಲೆ ಉದುರಿ, ಪೊದೆ ಒಣಗಿ, ದೂರದವರೆಗೆ ಕಣ್ಣು ಹಾಯುತ್ತದೆ. ಸಣ್ಣ ಹಳ್ಳಗಳು ಬತ್ತುವುದರಿಂದ ಪ್ರಾಣಿಗಳು ಉಳಿದ ಕೆರೆಕುಂಟೆಗಳಿಗೆ ಬಂದೇ ತೀರಬೇಕು. ಮಾರ್ಚ್‌ನಿಂದ ಮೇವರೆಗೆ ಹೆಚ್ಚು ಪ್ರಾಣಿಗಳು ಕಾಣುವುದು ಇದರಿಂದ. ಅದೇ ಒಣಗಾಲ ಕಾಳ್ಗಿಚ್ಚಿನ ಕಾಲವೂ ಹೌದು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ದೊಡ್ಡ ಬೆಂಕಿ ಬಿದ್ದಿತ್ತು. ಹಾಗಾಗಿ ಬೇಸಿಗೆಯಲ್ಲಿ ಹೋಗುವವರು ಕಾಡಿನ ಸ್ಥಿತಿ ಹೇಗಿದೆ ಎಂದು ಹಿಂದಿನ ದಿನ ವಿಚಾರಿಸಿಕೊಂಡೇ ಹೊರಡಬೇಕು.

ಬಂಡೀಪುರ, ನಾಗರಹೊಳೆ ಕಾಡುಗಳ ನಡುವಿನ ಕಬಿನಿ ಹಿನ್ನೀರಿನ ಕಥೆ ಇನ್ನೂ ಸೊಗಸು. ಬೇಸಿಗೆಯಲ್ಲಿ ಜಲಾಶಯದ ನೀರು ಹಿಂದೆ ಸರಿದಂತೆ ತೇವದ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡೆಲ್ಲ ಒಣಗಿರುವಾಗ ಮೇವು, ನೀರು ಎರಡೂ ಸಿಗುವ ಜಾಗ ಅದು. ಬಂಡೀಪುರ, ನಾಗರಹೊಳೆ, ವಯನಾಡಿನ ಆನೆಗಳು ಹಿಂಡು ಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹಿನ್ನೀರಿನ ದಡದಲ್ಲಿ ಕಾಣುವಷ್ಟು ಆನೆಗಳನ್ನು ಒಟ್ಟಿಗೆ ನೋಡುವ ಅವಕಾಶ ಬೇರೆಡೆ ಸಿಗುವುದು ಕಷ್ಟ.

ಕುದುರೆಮುಖದ್ದು ನಿತ್ಯಹರಿದ್ವರ್ಣದ ಶೋಲಾ ಕಾಡು, ಮೇಲೆ ಹುಲ್ಲುಗಾವಲಿನ ಬೆಟ್ಟಗಳು. ಮರಗಳು ಒತ್ತೊತ್ತಾಗಿರುವುದರಿಂದ ಹತ್ತು ಹೆಜ್ಜೆ ಆಚೆ ಕಾಟಿ (ಕಾಡುಕೋಣ) ನಿಂತಿದ್ದರೂ ಕಾಣದು. ಹುಲಿ ನೋಡಬೇಕೆಂದು ಅಲ್ಲಿಗೆ ಹೋದವರು ಬೇಸರದಿಂದ ಮರಳುತ್ತಾರೆ, ಬೆಟ್ಟ ನೋಡಲು ಹೋದವರು ಮತ್ತೆ ಮತ್ತೆ ಹೋಗುತ್ತಾರೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಅಲ್ಲಿನ ಗಂಗಾಮೂಲದಲ್ಲಿ. 2005ರ ಕೊನೆಯವರೆಗೆ ಅದೇ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು, ಸುಪ್ರೀಂ ಕೋರ್ಟ್ ತೀರ್ಪಿನಿಂದ ಗಣಿ ನಿಂತಿತು. ಮಳೆ ಮುಗಿದ ಮೇಲೆ, ಅಕ್ಟೋಬರ್‌ನಿಂದ ಜನವರಿವರೆಗೆ, ಹೋಗಲು ಹಿತವಾದ ಕಾಲ. ಬೆಟ್ಟ ಹತ್ತಲು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ.

ಮಲೆನಾಡಿನ ಕಾಡಿಗೆ ಬೇಸಿಗೆಯಲ್ಲಿ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಮಂಗನ ಕಾಯಿಲೆ ಹರಡುವುದು ಉಣ್ಣಿ ಎಂಬ ರಕ್ತ ಹೀರುವ ಹುಳದಿಂದ, ಅದರ ಕಾಟ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. 1957ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ತುಂಬುತೋಳಿನ ಬಟ್ಟೆ ಹಾಕಿಕೊಳ್ಳಿ, ತರಗೆಲೆ ಮೇಲೆ ಕೂರಬೇಡಿ. ಹಿಂತಿರುಗಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಮರೆಯದೆ ಹೇಳಿ.

## ತಂಗುವ ಊರೂ ಪ್ರವಾಸದ ಭಾಗ

ಸಫಾರಿ ಎಂದರೆ ಎರಡು, ಮೂರು ಗಂಟೆ. ಉಳಿದ ಹೊತ್ತೆಲ್ಲ ಕಾಡಿನ ಪಕ್ಕದ ಊರಿನಲ್ಲಿ. ಅದನ್ನು ಮರೆತವರ ಪ್ರವಾಸ ಹುಲಿ ಕಂಡರೆ ಗೆಲುವು, ಕಾಣದಿದ್ದರೆ ಸೋಲು ಎಂಬಂತಾಗುತ್ತದೆ. ಹುಲಿ ಕಾಣುವುದು ನಮ್ಮ ಕೈಯಲ್ಲಿಲ್ಲ, ಊರು ಆರಿಸುವುದು ನಮ್ಮ ಕೈಯಲ್ಲಿದೆ.

ಬಂಡೀಪುರಕ್ಕೆ ಗುಂಡ್ಲುಪೇಟೆ. ಮುಂಗಾರಿನ ತಿಂಗಳುಗಳಲ್ಲಿ ಸುತ್ತಲಿನ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿರುತ್ತವೆ. ನೋಡುವುದು ರಸ್ತೆಯಿಂದ, ಹೊಲಕ್ಕಿಳಿಯುವ ಮುಂಚೆ ರೈತರನ್ನು ಕೇಳಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹತ್ತಿರದಲ್ಲೇ ಇದೆ. ಖಾಸಗಿ ವಾಹನ ಮೇಲೆ ಹೋಗುವಂತಿಲ್ಲ, ಬುಡದಲ್ಲಿ ಕಾರು ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಹೋಗಬೇಕು. ಬರುವ ದಾರಿಯಲ್ಲಿ ನಂಜನಗೂಡು. ಮೈಸೂರಿನಲ್ಲಿ ಒಂದು ದಿನ ಕಳೆಯುವವರು ಮಂಗಳವಾರ ತಪ್ಪಿಸಿ, ಅಂದು ಮೃಗಾಲಯಕ್ಕೆ ರಜೆ.

ನಾಗರಹೊಳೆಗೆ ಯಾವ ಬಾಗಿಲಿನಿಂದ ಹೋಗುತ್ತೀರಿ ಎಂಬುದು ಮೊದಲು ತೀರ್ಮಾನವಾಗಬೇಕು. ಹುಣಸೂರು ಕಡೆಯ ವೀರನಹೊಸಹಳ್ಳಿ, ಕೊಡಗಿನ ಕುಟ್ಟ ಕಡೆಯ ನಾಣಚ್ಚಿ, ಎಚ್.ಡಿ. ಕೋಟೆ ಕಡೆಯ ದಮ್ಮನಕಟ್ಟೆ ಮೂರೂ ಬೇರೆ ಬೇರೆ ದಿಕ್ಕಿನಲ್ಲಿವೆ. ದಮ್ಮನಕಟ್ಟೆಗೆ ಸಫಾರಿ ಟಿಕೆಟ್ ತೆಗೆದು ಕುಟ್ಟದಲ್ಲಿ ರೂಮು ಹಿಡಿದರೆ ನಡುವೆ ಇಡೀ ಕಾಡೇ ಅಡ್ಡ.

ನಮ್ಮ ಮೂರು ಜಿಲ್ಲೆಯವರಿಗೆ ನಾನು ಮೊದಲು ಸೂಚಿಸುವುದು ಭದ್ರಾ. ತುಮಕೂರಿನಿಂದ ಭದ್ರಾ ಜಲಾಶಯದ ಬಳಿಯ ಲಕ್ಕವಳ್ಳಿಗೆ ಸುಮಾರು 200 ಕಿ.ಮೀ., ಕಡೂರು, ಬೀರೂರು, ತರೀಕೆರೆ ದಾಟಿದರೆ ಬಂತು. ಬಂಡೀಪುರದಷ್ಟು ಜನಜಂಗುಳಿ ಇಲ್ಲ. ಜನವರಿಯ ನಂತರ ಜಲಾಶಯದ ನಡುಗಡ್ಡೆಗಳಲ್ಲಿ ಹೊಳೆಯ ರೀವ (ರಿವರ್ ಟರ್ನ್) ಹಕ್ಕಿಗಳು ಗೂಡುಕಟ್ಟುತ್ತವೆ, ದೋಣಿಯಿಂದ ನೋಡಬಹುದು. ತರೀಕೆರೆಯ ಪಕ್ಕದಲ್ಲೇ ಅಮೃತಾಪುರದ ಅಮೃತೇಶ್ವರ ದೇವಾಲಯ, 1196ರಲ್ಲಿ ಕಟ್ಟಿದ್ದು. ಭದ್ರಾ ಕಾಡಿನ ಇನ್ನೊಂದು ಬಾಗಿಲಾದ ಮುತ್ತೋಡಿ ಕಡೆಯಿಂದ ಹೋದರೆ ಚಿಕ್ಕಮಗಳೂರು, ಹಾಗೇ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು. ಮುಳ್ಳಯ್ಯನಗಿರಿಯ ಆಸೆಯಿದ್ದರೆ ಆನ್‌ಲೈನ್ ನೋಂದಣಿ ಮೊದಲೇ ಮಾಡಿಸಿ.

ಅಣಶಿ ಇರುವ ಕಾಳಿ ಹುಲಿ ಪ್ರದೇಶ ದೂರ. ದಾಂಡೇಲಿಗೆ ಹೋಗಿಬರಲು ಕನಿಷ್ಠ ಮೂರು ದಿನ ಬೇಕು, ವಾರಾಂತ್ಯಕ್ಕೆ ಅದನ್ನು ತುರುಕಬೇಡಿ.

## ಗಡಿ ದಾಟಿದರೆ ನಿಯಮ ಬೇರೆ

ಬಂಡೀಪುರದಿಂದ ಮುಂದೆ ಊಟಿಗೆ ಹೋಗುವವರಿಗೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇದು ಜಾರಿಯಲ್ಲಿದೆ. 2025ರ ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿಯೂ ಇತ್ತು: ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000. ಮನೆಯಲ್ಲೇ ಮಾಡಿಸಿಕೊಂಡು ಹೊರಡಿ, ಕಾಡಿನ ನಡುವೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೂ ನಿಷೇಧವಿದೆ. ಮನೆಯಿಂದ ಸ್ಟೀಲ್ ಬಾಟಲಿ ತನ್ನಿ.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲೂ 2022ರಿಂದ ರಾತ್ರಿ ನಿಷೇಧವಿದೆ. ಕಾರುಗಳಿಗೆ ರಾತ್ರಿ 9ರಿಂದ, ಭಾರಿ ವಾಹನಗಳಿಗೆ ಸಂಜೆ 6ರಿಂದ, ಬೆಳಗ್ಗೆ 6ರವರೆಗೆ.

## ಟೋಲ್, ಪೆಟ್ರೋಲ್

ಫಾಸ್ಟ್ಯಾಗ್ ವಾರ್ಷಿಕ ಪಾಸ್ ಶುರುವಾದಾಗಿನ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವುದು, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ. ಹಳದಿ ಬೋರ್ಡಿನ ಬಾಡಿಗೆ ಗಾಡಿಗೆ ಇಲ್ಲ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಿಗೆ ಇದು ಸಾಕು, ರಾಜ್ಯ ಹೆದ್ದಾರಿಗೂ ನೈಸ್ ರಸ್ತೆಗೂ ಬೇರೆ ದುಡ್ಡು ಕಟ್ಟಬೇಕು. ವರ್ಷಕ್ಕೆ ಒಂದೇ ಪ್ರವಾಸ ಮಾಡುವವರಿಗೆ ಇದರಿಂದ ಲಾಭವಿಲ್ಲ. ತುಮಕೂರು, ಬೆಂಗಳೂರು ನಡುವೆ ಆಗಾಗ ಓಡಾಡುವವರಿಗೆ ಪ್ರವಾಸದ ಟೋಲ್ ಹೆಚ್ಚುಕಡಿಮೆ ಬಿಟ್ಟಿ ಬಂದಂತೆ. ಫಾಸ್ಟ್ಯಾಗ್ ಕೆಲಸ ಮಾಡದಿದ್ದರೆ ನಗದಿಗೆ ದುಪ್ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು ಕಟ್ಟುವ ನಿಯಮ 2025ರ ನವೆಂಬರ್‌ನಲ್ಲಿ ಬಂತು.

ಪೆಟ್ರೋಲ್ ಲೆಕ್ಕ ಸುಲಭ. ತುಮಕೂರಿನಿಂದ ಬಂಡೀಪುರಕ್ಕೆ ಹೋಗಿಬಂದರೆ ಅಡ್ಡಾಟ ಸೇರಿ 500 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 33 ಲೀಟರು ಬೇಕು. ಕಾಡಿಗೆ ಹೋಗುವ ಮುಂಚಿನ ಕೊನೆಯ ಊರಿನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ.

## ಆನೆ ಎದುರಾದರೆ

2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳ ಬಳಿ ಆನೆಯ ಫೋಟೊ ತೆಗೆಯಲು ಹತ್ತಿರ ಹೋದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಜೀವ ಉಳಿಯಿತು, ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ವಿಡಿಯೊ ಊರೆಲ್ಲ ಓಡಾಡಿತು.

ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲಿಸಿ. ಇಂಜಿನ್ ಆರಿಸಬೇಡಿ, ಹಾರನ್ ಬೇಡ, ಲೈಟ್ ಮಿಣುಕಿಸುವುದು ಬೇಡ. ಮುಂದಿನ ಗಾಡಿಗೆ ಅಂಟಿಕೊಂಡು ನಿಂತರೆ ಹಿಂದೆ ಸರಿಯಲು ಜಾಗವಿರುವುದಿಲ್ಲ, ಅಂತರ ಬಿಡಿ. ಮರಿ ರಸ್ತೆಯ ಒಂದು ಕಡೆ, ತಾಯಿ ಇನ್ನೊಂದು ಕಡೆ ಇದ್ದರೆ ಎಷ್ಟೇ ತಡವಾದರೂ ನಡುವೆ ನುಗ್ಗಬಾರದು. ಕೋತಿಗೆ, ಜಿಂಕೆಗೆ ತಿನ್ನಲು ಎಸೆಯಬೇಡಿ. ರಸ್ತೆಯಲ್ಲಿ ತಿಂಡಿ ಸಿಗುತ್ತದೆಂದು ಕಲಿತ ಪ್ರಾಣಿ ರಸ್ತೆಯಲ್ಲೇ ಸಾಯುತ್ತದೆ.

ಕೋಲಾರದವರಿಗೆ ಈ ಎಚ್ಚರಿಕೆ ಮನೆ ಹತ್ತಿರವೂ ಬೇಕು. ಗಡಿಯಾಚೆ ಚಿತ್ತೂರು ಜಿಲ್ಲೆಯ ಕೌಂಡಿನ್ಯ ಅಭಯಾರಣ್ಯಕ್ಕೆ 1980ರ ದಶಕದಲ್ಲಿ ತಮಿಳುನಾಡು ಕಡೆಯಿಂದ ಬಂದ ಆನೆಗಳು ಅಲ್ಲೇ ನೆಲೆಸಿದವು. ಬಂಗಾರಪೇಟೆ ತಾಲ್ಲೂಕಿನ ಗಡಿ ಹಳ್ಳಿಗಳಲ್ಲೂ ಕಾಡಾನೆಗಳ ಓಡಾಟವಿದೆ. ತಿರುಪತಿಗೆ ಪಲಮನೇರಿನ ಮೇಲೆ ಹೋಗುವವರು ಆ ಕಾಡಿನ ಭಾಗವನ್ನು ಹಗಲಿನಲ್ಲೇ ದಾಟುವಂತೆ ಹೊರಡುವುದು ಒಳ್ಳೆಯದು.

## ಒಂದೇ ದಿನ ಇದ್ದರೆ

ಐದು ಉದ್ಯಾನಗಳಲ್ಲಿ ಒಂದೇ ದಿನಕ್ಕೆ ಆಗಿಬರುವುದು ಬನ್ನೇರುಘಟ್ಟ. 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ ಬೇರೆ, ಮೃಗಾಲಯ ಮತ್ತು ಸಫಾರಿ ಇರುವ ಜೈವಿಕ ಉದ್ಯಾನ ಬೇರೆ. ನಾವು ಟಿಕೆಟ್ ತೆಗೆದು ನೋಡುವುದು ಎರಡನೆಯದನ್ನು. ಅಲ್ಲಿಯೂ ಮಂಗಳವಾರ ರಜೆ. ಕೋಲಾರದವರು ಮಾಲೂರು, ಆನೇಕಲ್ ಮೇಲೆ ಹೋದರೆ ನಗರದ ಗೋಜಿಲ್ಲ.

ಅದಕ್ಕಿಂತಲೂ ಹತ್ತಿರದ್ದು ಬೇಕೆಂದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆದ ಹುಲ್ಲುಬಯಲು, ಸುಮಾರು 800 ಎಕರೆ. ಹುಲ್ಲುಬಯಲಾದ್ದರಿಂದ ಕೃಷ್ಣಮೃಗ ಕಾಣಲು ಅದೃಷ್ಟ ಬೇಕಿಲ್ಲ, ಕಾವಲು ಗೋಪುರದಿಂದ ಬರಿಗಣ್ಣಿಗೇ ಕಾಣುತ್ತವೆ. ದುರ್ಬೀನು ಇದ್ದರೆ ಗಂಡಿನ ತಿರುಚಿದ ಕೊಂಬೂ ಎಣಿಸುವಷ್ಟು ಸ್ಪಷ್ಟ. ಬೆಳಗ್ಗೆ ಏಳರೊಳಗೆ ಅಲ್ಲಿರುವಂತೆ ಹೊರಡಿ, ಹತ್ತರ ಮೇಲೆ ಬಿಸಿಲಿಗೆ ನೆರಳೇ ಇಲ್ಲ. ಸಿಬ್ಬಂದಿಯ ಒಪ್ಪಿಗೆ ಕೇಳಿ, ಕಾರನ್ನು ಹುಲ್ಲಿನ ಮೇಲೆ ಓಡಿಸದೆ ದಾರಿಯಲ್ಲೇ ಬಿಟ್ಟು ನಡೆಯಿರಿ. ಹೋಟೆಲಿಲ್ಲ, ನೀರು, ತಿಂಡಿ ಕಟ್ಟಿಕೊಂಡು ಹೋಗಬೇಕು. ಗೌರಿಬಿದನೂರಿನವರಿಗೆ ಇದು ಪಕ್ಕದ ಊರು. ತುಮಕೂರಿನವರು ಕೊರಟಗೆರೆಯ ಮೇಲೆ ಹೋಗಿ, ವಾಪಸ್ ಬರುವಾಗ ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ಕೆಳಗಿನ ಬಾಗಿಲುಗಳವರೆಗಾದರೂ ಹತ್ತಬಹುದು.

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಜೀವಿ ಧಾಮವಾಯಿತು. ಚಿಂಕಾರ ಎಂದರೆ ಒಣಸೀಮೆಯ ಚಿಕ್ಕ ಜಿಂಕೆಯಂಥ ಪ್ರಾಣಿ, ಇಷ್ಟು ದಕ್ಷಿಣದಲ್ಲಿ ಅದು ಉಳಿದಿರುವುದೇ ಅಪರೂಪ. ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಹುಳಿಯಾರಿನ ಕಡೆಗೆ ಹೋಗುವಾಗ ರಸ್ತೆಯಿಂದಲೇ ಆ ಕುರುಚಲು ಗುಡ್ಡಗಳನ್ನು ಮಕ್ಕಳಿಗೆ ತೋರಿಸಿ, ಅಲ್ಲಿ ಏನಿದೆ ಎಂದು ಹೇಳಿ.